‘ಬರುತ್ತೇನೆ’ ಎಂಬ ಮಾತು

ಕೆಲವು ವರ್ಷಗಳ ಹಿಂದೆ ಜರ್ಮನಿಯ ಒಂದು ಊರಿನಲ್ಲಿ ಆರು ತಿಂಗಳು ಕನ್ನಡ ಪಾಠ ಹೇಳುವ ಅವಕಾಶ ನನಗೆ ಒದಗಿತು. 1894ರಲ್ಲಿ ನಮ್ಮ ನುಡಿಗೆ ನಿಘಂಟನ್ನು ಕೊಟ್ಟ ಕಿಟ್ಟೆಲರ ನಾಡು. ಆ ಅಭಿಮಾನದಿಂದಲೇ ಹೊರಟೆ. ಚಳಿ, ಗಟ್ಟಿ ರೊಟ್ಟಿ, ಭಾನುವಾರ ಬಾಗಿಲು ಮುಚ್ಚಿದ ಅಂಗಡಿಗಳು, ಇವಕ್ಕೆಲ್ಲ ಬೇಗ ಒಗ್ಗಿಕೊಂಡೆ.

ಕೆಳಗಿನ ಮನೆಯಲ್ಲಿ ಒಬ್ಬ ವೃದ್ಧೆ ಒಂಟಿಯಾಗಿದ್ದರು. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ, “ಶನಿವಾರ ಸಂಜೆ ಆರಕ್ಕೆ ನಮ್ಮಲ್ಲಿ ಊಟ ಮಾಡಿ” ಎಂದರು. ಒಮ್ಮೆಗೇ ಒಪ್ಪಿಬಿಡುವುದು ಹಸಿದವನ ಲಕ್ಷಣ, ಒಲ್ಲೆನೆಂದರೆ ಒರಟುತನ. “ಆಗಲಿ, ಬರುತ್ತೇನೆ” ಎಂದೆ. ನಮ್ಮ ಕಡೆ ಈ ಮಾತಿಗೆ ‘ಇನ್ನೊಮ್ಮೆ ಕರೆಯಿರಿ’ ಎಂದೇ ಅರ್ಥ. ಕರೆದದ್ದು ನಿಜವಾದರೆ ಆ ಹೊತ್ತಿಗೆ ಮಗನನ್ನಾದರೂ ಕಳುಹಿಸುತ್ತಾರೆ. ಶನಿವಾರ ಯಾರೂ ಬರಲಿಲ್ಲ. ಬರಿಯ ಉಪಚಾರವೆಂದುಕೊಂಡು ಅವಲಕ್ಕಿಗೆ ಒಗ್ಗರಣೆ ಹಾಕಿಕೊಂಡೆ.

ಏಳೂವರೆಗೆ ಬಾಗಿಲು ಸದ್ದಾಯಿತು. ಆಕೆ ನನ್ನ ತಟ್ಟೆಯನ್ನು ನೋಡಿದರು. “ಹುಷಾರಿಲ್ಲವೇನೋ ಎಂದು ಹೆದರಿದ್ದೆ” ಎಂದಷ್ಟೇ ಹೇಳಿ ಕೆಳಗಿಳಿದರು. ನಾನು ಮಾಂಸ ತಿನ್ನುವುದಿಲ್ಲವೆಂದು ಬೇರೆಯೇ ಅಡಿಗೆ ಮಾಡಿದ್ದರೆಂದು ಆಮೇಲೆ ತಿಳಿಯಿತು.

ನಾನು ಸುಳ್ಳು ಹೇಳಿದೆನೆ? ಕೊಲೆಗಾರ ಬಾಗಿಲಿಗೆ ಬಂದು, ಒಳಗೆ ಅಡಗಿದ ಗೆಳೆಯನನ್ನು ಕೇಳಿದರೂ ಸುಳ್ಳಾಡಕೂಡದೆಂದು 1797ರಲ್ಲಿ ಕಾಂಟ್ ಬರೆದ. ವಿದ್ಯಾರ್ಥಿದೆಸೆಯಲ್ಲಿ ಇದನ್ನೋದಿ ನಕ್ಕಿದ್ದೆ. ಈಗಲೂ ಪೂರ್ತಿ ಒಪ್ಪಲಾರೆ. ಆದರೆ ನನ್ನ ಬಾಗಿಲಿಗೆ ಬಂದವರು ಕೊಲೆಗಾರರಲ್ಲವಲ್ಲ! ಮಾತಿನ ಅರ್ಥ ಬಳಕೆಯಲ್ಲಿದೆ, ನಮ್ಮ ಬಳಕೆ ಇದು ಎಂದು ವಾದಿಸಿಕೊಂಡೆ. ಆ ಬಳಕೆ ಆಕೆಗೆ ಗೊತ್ತಿಲ್ಲವೆಂಬುದು ನನಗೆ ಗೊತ್ತಿರಬೇಕಿತ್ತು.

ಅದೇ ವಾರ ತರಗತಿಯಲ್ಲಿ ಪುಣ್ಯಕೋಟಿಯ ಪಾಠ. ಒಬ್ಬ ಹುಡುಗಿ ಕೇಳಿದಳು: “ನೀವು ಹೊರಡುವಾಗಲೂ ‘ಬರುತ್ತೇನೆ’ ಎನ್ನುತ್ತೀರಿ. ಹಸು ಅದನ್ನೇ ಹೇಳಿದಾಗ ಹುಲಿಗೆ ಹೇಗೆ ತಿಳಿಯಿತು?” ಕನ್ನಡದಲ್ಲಿ ‘ಭಾಷೆ’ ಎಂದರೆ ನುಡಿಯೂ ಹೌದು, ಆಣೆಯೂ ಹೌದು ಎಂದು ನಿಘಂಟಿನ ಉತ್ತರ ಕೊಟ್ಟು ತಪ್ಪಿಸಿಕೊಂಡೆ.

ಉಪಚಾರವನ್ನೆಲ್ಲ ನಾನು ಹಳಿಯುತ್ತಿಲ್ಲ. ಅತಿಥಿಯ ಸಂಕೋಚವನ್ನು ತಾನೇ ಹೊತ್ತು ಮೂರು ಸಲ ಬಡಿಸುವ ಕೈ ದೊಡ್ಡದು. ಆ ದೇಶದಲ್ಲಿ ಮೊದಲ ‘ಬೇಡ’ವನ್ನೇ ನಂಬಿದ್ದರಿಂದ ನಾನು ಎಷ್ಟೋ ಮನೆಗಳಿಂದ ಹಸಿದೇ ಎದ್ದಿದ್ದೇನೆ. ಆದರೆ ಆ ರಾತ್ರಿ ನನ್ನನ್ನು ಕಾಡಿದ್ದು ಊರಿನ ನೆನಪು. ಕೆಲಸಕ್ಕೆ ಶಿಫಾರಸು ಕೇಳಿ ಬಂದ ಹಳೆಯ ವಿದ್ಯಾರ್ಥಿಯೊಬ್ಬನಿಗೆ “ನೋಡೋಣ” ಎಂದಿದ್ದೆ. ಆಗದೆಂದು ಆಗಲೇ ನಿಶ್ಚಯಿಸಿದ್ದೆ. ಅವನು ಹಳ್ಳಿಯಿಂದ ಬಸ್ಸು ಹಿಡಿದು ಮೂರು ಸಲ ಬಂದ. ಅವನೂ ಕನ್ನಡದವನೇ, ‘ನೋಡೋಣ’ದ ಅರ್ಥ ಅವನಿಗೂ ತಿಳಿದಿದ್ದೀತು. ಆದರೂ ಗರಜಿದ್ದವನು ಮಾತನ್ನು ನಂಬದೆ ಏನು ಮಾಡಿಯಾನು?

ಹೊರಡುವ ದಿನ ಕೆಳಗಿನ ಮನೆಗೆ ಹೋದೆ. ‘ಹೋಗುತ್ತೇನೆ’ ಎನ್ನಲು ನಾಲಗೆ ಏಳಲಿಲ್ಲ. ಎಂದಿನಂತೆ “ಬರುತ್ತೇನೆ” ಎಂದುಬಿಟ್ಟೆ.

ಆಕೆ ಗೋಡೆಯ ಕ್ಯಾಲೆಂಡರಿನತ್ತ ತಿರುಗಿ, “ಯಾವಾಗ?” ಎಂದರು.