ಮರೆವಿನ ವರ

ಜೊತೆಗಾರನು ನಡುದಾರಿಯಲ್ಲಿ ಕುಸಿದರೆ ಉಳಿದವರು ಮುಂದೆ ನಡೆಯಬಹುದೆ? ನಡೆಯಬಹುದಾದರೆ, ಹೇಗೆ? ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಮೊದಲ ಧ್ವನಿಮುದ್ರಿಕೆಯನ್ನು ಕೇಳುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯಿದು.

‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’ ಎಂಬ ಆ ಮುದ್ರಿಕೆ ಹೊರಬಂದುದು 1967ರ ಆಗಸ್ಟಿನಲ್ಲಿ. ಅದರ 11 ರಚನೆಗಳಲ್ಲಿ 8 ಸಿಡ್ ಬ್ಯಾರೆಟ್ ಎಂಬ 21ರ ತರುಣನೊಬ್ಬನವೇ. ಬೆಕ್ಕು, ಬೆದರುಬೊಂಬೆ, ಸೈಕಲ್ಲು, ಗ್ರಹತಾರೆಗಳು—ಮಗುವಿನ ಕಣ್ಣಿಗೆ ಬೆರಗಾದುದೆಲ್ಲ ಅಲ್ಲಿ ಹಾಡಾಗಿದೆ. ತಂಡಕ್ಕೆ ಹೆಸರಿಟ್ಟವನೂ ಅವನೇ.

ವರ್ಷ ಮುಗಿಯುವಷ್ಟರಲ್ಲಿ ಅವನ ಮನಸ್ಸು ಹದಗೆಟ್ಟಿತು. ಮಾದಕದ್ರವ್ಯವೂ ಅದಕ್ಕೆ ಕಾರಣವೆನ್ನುವವರುಂಟು. ವೇದಿಕೆಯ ಮೇಲೆ ಗಿಟಾರು ಹಿಡಿದು ಸುಮ್ಮನೆ ನಿಂತುಬಿಡುವನು. 1968ರ ಜನವರಿಯಲ್ಲಿ ಒಂದು ದಿನ, ಕಾರ್ಯಕ್ರಮಕ್ಕೆ ಹೊರಟ ಗೆಳೆಯರು ಅವನನ್ನು ಕರೆದುಕೊಳ್ಳದೆಯೇ ಹೋದರು. ಡೇವಿಡ್ ಗಿಲ್ಮರ್ ಆಗಲೇ ತಂಡವನ್ನು ಸೇರಿದ್ದನು. ಮುಂದೆ ಆ ಹೆಸರು ಲೋಕವಿಖ್ಯಾತವಾಯಿತು.

ಒಬ್ಬನ ಬೇನೆಗಾಗಿ ಉಳಿದವರೆಲ್ಲರ ಬದುಕು ನಿಲ್ಲಬೇಕೆಂದು ಯಾವ ನ್ಯಾಯವೂ ಹೇಳದು, ಒಪ್ಪೋಣ. ಅಗಲಿಕೆ ಅನಿವಾರ್ಯವೇ ಆಗಿದ್ದಿರಬಹುದು. ಆದರೆ ಅನಿವಾರ್ಯತೆ ಬಿಟ್ಟುಹೋಗಲು ಅಪ್ಪಣೆ ಕೊಟ್ಟೀತೇ ಹೊರತು ಹೇಳದೆ ಹೋಗಲು ಕೊಡಲಾರದು. ಎದುರು ನಿಂತು ಆಡಬೇಕಾದ ಒಂದು ಮಾತಿನ ಕಷ್ಟವನ್ನು ತಪ್ಪಿಸಿಕೊಂಡವನು ಆ ಮಾತನ್ನು ಬದುಕಿನುದ್ದಕ್ಕೂ ಹೊರಬೇಕಾಗುತ್ತದೆ.

ಗೆಳೆಯರು ಕಲ್ಲೆದೆಯವರೇನಲ್ಲ. 1970ರಲ್ಲಿ ಹೊರಬಂದ ಬ್ಯಾರೆಟ್‌ನ ಸ್ವಂತ ಮುದ್ರಿಕೆಗೆ ಗಿಲ್ಮರ್, ರೋಜರ್ ವಾಟರ್ಸ್ ನೆರವಾದರು. 1975ರಲ್ಲಿ ಅವನ ಅಗಲಿಕೆಯನ್ನೇ ನೆನೆದು ‘ವಿಶ್ ಯು ವರ್ ಹಿಯರ್’ ಮಾಡಿದರು. ಅದು ಸಿದ್ಧವಾಗುತ್ತಿದ್ದಾಗಲೇ ಒಂದು ದಿನ ಬ್ಯಾರೆಟ್ ಸ್ಟುಡಿಯೋಗೆ ಬಂದನು. ಮೈ ಊದಿತ್ತು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದನು. ಯಾರನ್ನು ಕುರಿತು ಹಾಡುತ್ತಿದ್ದರೋ ಅವನೇ ಎದುರಿಗಿದ್ದರೂ ಮೊದಲು ಅವರಿಗೆ ಗುರುತು ಹತ್ತಲಿಲ್ಲ!

ಮೊದಲ ಮುದ್ರಿಕೆಯ ಹೆಸರನ್ನು ಬ್ಯಾರೆಟ್ ಆರಿಸಿಕೊಂಡುದು ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕದ ಒಂದು ಅಧ್ಯಾಯದಿಂದ. ಅಲ್ಲಿ ಕಳೆದುಹೋದ ನೀರುನಾಯಿ ಮರಿಯೊಂದನ್ನು ಹುಡುಕುತ್ತ ಗೆಳೆಯರಿಬ್ಬರು ರಾತ್ರಿಯೆಲ್ಲ ಅಲೆಯುತ್ತಾರೆ. ಕೊಳಲ ದನಿಯ ಜಾಡು ಹಿಡಿದು ನಡೆದವರಿಗೆ ಬೆಳಗಿನ ಹೊತ್ತಿಗೆ ಕೊಳಲೂದುವ ವನದೇವನು ಕಾಣುತ್ತಾನೆ. ಮರಿ ಅವನ ಕಾಲಬಳಿ ನಿಶ್ಚಿಂತೆಯಿಂದ ಮಲಗಿದೆ. ಮರೆಯಾಗುವಾಗ ದೇವನು ಅವರಿಗೆ ಮರೆವನ್ನು ಕರುಣಿಸುತ್ತಾನೆ. ಕಂಡುದರ ನೆನಪು ಮುಂದಿನ ಸುಖವನ್ನು ಕೆಡಿಸದಿರಲೆಂದು.

ಮರಿಯನ್ನು ಹುಡುಕಿ ತಂದೆಗೆ ಮುಟ್ಟಿಸಿದವರಿಗೆ ಆ ವರ ಸಲ್ಲುವುದು. ದಾರಿಯಲ್ಲಿ ಬಿಟ್ಟುಬಂದವರಿಗೆ ನೆನಪೇ ಧರ್ಮ.