ಇಂದಿನ ಧಮ್ಮ ಚಿಂತನೆ: ಎದೆಯ ಮೇಲಿನ ಬಿಲ್ಲೆ



ಮೊನ್ನೆ ಶಾಲೆ ಬಿಟ್ಟ ಮೇಲೆ ಹತ್ತನೇ ತರಗತಿಯ ಹುಡುಗನೊಬ್ಬ ಅವನ ಅಣ್ಣನ ಮೊಬೈಲ್ ಹಿಡಿದು ಬಂದ. ಮಾರಾಟಕ್ಕಿಟ್ಟಿದ್ದ ಜರ್ಮನ್ ಸೈನ್ಯದ ಪದಕವೊಂದರ ಚಿತ್ರ ತೋರಿಸಿದ. ಅದು ಐರನ್ ಕ್ರಾಸ್, ಕಬ್ಬಿಣದ ಶಿಲುಬೆ. "ಸರ್, 1939ರದ್ದು, ಅಸಲಿ. ಅದರ ಮೇಲೇ ಬರೆದಿದೆ ನೋಡಿ. ಹಿಟ್ಲರ್ ಕಾಲದ ವೀರರದ್ದು" ಎಂದ. ಅವನ ಮಾತಿನಲ್ಲಿದ್ದ ಮೆಚ್ಚುಗೆ ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು. ಆದರೂ ಗದರಲಿಲ್ಲ. "ಬಾ, ಪರೀಕ್ಷೆ ಮಾಡಿ ನೋಡೋಣ" ಎಂದೆ.

ಭಗವಾನ್ ಬುದ್ಧರು ಕೇಸಪುತ್ತದ ಕಾಲಾಮರಿಗೆ ಕಲಿಸಿದ್ದೂ ಇದನ್ನೇ. ಕೇಳಿದ ಮಾತೆಂದು, ಹಿಂದಿನಿಂದ ಬಂದದ್ದೆಂದು, ದೊಡ್ಡವರು ಹೇಳಿದರೆಂದು ಯಾವುದನ್ನೂ ಒಪ್ಪಬೇಡಿ ಎಂಬುದು ಆ ಬೋಧನೆಯ ಸಾರ.

ಹಳೆಯ ಪದಕಗಳನ್ನು ಬಲ್ಲ ಸಂಗ್ರಾಹಕರು ಮಾರುವವನ ಕಥೆ ನಂಬುವುದಿಲ್ಲ, ವಸ್ತುವನ್ನೇ ನೋಡುತ್ತಾರೆ. ಶಿಲುಬೆಯ ಮೇಲಿನ 1939 ಅದು ತಯಾರಾದ ವರ್ಷವಲ್ಲ, ಹಿಟ್ಲರ್ ಆ ಪದಕವನ್ನು ಮತ್ತೆ ಜಾರಿಗೆ ತಂದ ವರ್ಷ. 1944ರಲ್ಲಿ ಕೊಟ್ಟದ್ದರ ಮೇಲೂ 1939 ಎಂದೇ ಇದೆ. 1939 ಎಂದಿದ್ದೂ ನಡುವೆ ಸ್ವಸ್ತಿಕದ ಬದಲು ಓಕ್ ಎಲೆಗಳಿದ್ದರೆ, ಅದು 1957ರ ಪಶ್ಚಿಮ ಜರ್ಮನಿಯ ಕಾನೂನಿನ ನಂತರದ್ದು. ಸ್ವಸ್ತಿಕ ಇದ್ದ ಮಾತ್ರಕ್ಕೆ ಅಸಲಿಯೂ ಅಲ್ಲ, ನಕಲು ಮಾಡುವವರು ಅದನ್ನೂ ಹಾಕುತ್ತಾರೆ.

ಸೈನ್ಯದ ಬೇರೆ ಬಿಲ್ಲೆಗಳ ಕಾಲವನ್ನು ಲೋಹವೇ ಹೇಳುತ್ತದೆ. ಯುದ್ಧದ ಆರಂಭದಲ್ಲಿ ಅನೇಕ ಬಿಲ್ಲೆಗಳನ್ನು ತಾಮ್ರ ಬೆರೆತ ಲೋಹದಲ್ಲಿ ಮಾಡುತ್ತಿದ್ದರು. ತಾಮ್ರ ಮದ್ದುಗುಂಡಿಗೆ ಬೇಕಾದಾಗ ಸತುವಿಗೆ ಇಳಿದರು. ಸತುವಿನ ಮೇಲಿನ ಹೊಳಪು ನಿಲ್ಲುವುದಿಲ್ಲ, ಬೂದು ಬಣ್ಣ ಉಳಿಯುತ್ತದೆ. ಗೆಲುವಿನ ಭಾಷಣ ಏನೇ ಹೇಳಲಿ, ಬಿಲ್ಲೆ ನಿಜ ಹೇಳಿತು.

ಬಂಧುಗಳೇ, ಬುದ್ಧರು ಕಾಲಾಮರಿಗೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದರಿಂದ ಹಿತವೋ, ದುಃಖವೋ ಎಂಬುದನ್ನೂ ನೀವೇ ನೋಡಿ ತಿಳಿಯಿರಿ ಎಂದರು. ಹುಡುಗನಿಗೆ ಆ ಎರಡನೇ ಪರೀಕ್ಷೆಯನ್ನೂ ಹೇಳಿದೆ.

1914ರ ಮಹಾಯುದ್ಧದಲ್ಲಿ ಸಾವಿರಾರು ಯಹೂದಿ ಸೈನಿಕರು ಜರ್ಮನಿಗಾಗಿ ಹೋರಾಡಿ ಇದೇ ಐರನ್ ಕ್ರಾಸ್ ಪಡೆದಿದ್ದರು. 1941ರ ಸೆಪ್ಟೆಂಬರ್‌ನಲ್ಲಿ ನಾಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಆರು ವರ್ಷ ತುಂಬಿದ ಯಹೂದಿಗಳೆಲ್ಲ ಹೊರಗೆ ಕಾಣಿಸಿಕೊಳ್ಳುವಾಗ ಎದೆಯ ಎಡಗಡೆ ಹಳದಿ ನಕ್ಷತ್ರ ಹೊಲಿದುಕೊಂಡಿರಬೇಕು. ಅದೇ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು: ಅವರು ಪದಕ ಧರಿಸಕೂಡದು. ದುಡಿದು ಪಡೆದದ್ದನ್ನು ಕಳಚಿಸಿ, ಅದೇ ಎದೆಯ ಮೇಲೆ ಹುಟ್ಟನ್ನು ಹೊಲಿಸಿದರು.

ಇದು ನಮಗೆ ಅರ್ಥವಾಗದ ನೋವಲ್ಲ. ತಲೆಮಾರುಗಳಿಂದ ಸೈನ್ಯದಲ್ಲಿ ದುಡಿದ ಮಹಾರರನ್ನು ಹುಟ್ಟು ನೋಡಿ ಭರ್ತಿಯಿಂದ ಹೊರಗಿಟ್ಟದ್ದು ಬಾಬಾಸಾಹೇಬರ ತಂದೆ ಸುಬೇದಾರ್ ರಾಮ್‌ಜಿಯವರ ಕಾಲದಲ್ಲೇ.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಆರು ವರ್ಷ ಅಂದ್ರೆ ಒಂದನೇ ಕ್ಲಾಸಿನ ಮಕ್ಕಳು ಅಲ್ವಾ ಸರ್?"

ಹೌದಪ್ಪ, ಎಂದೆ.

ಇಂದಿನ ಅಭ್ಯಾಸ: ಯಾವುದನ್ನಾದರೂ ಹೊಗಳುವ ಮುನ್ನ, ಮುಂದಕ್ಕೆ ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಇದು ನಿಜವೇ? ಇದರಿಂದ ಯಾರಿಗೆ ನೋವು? ಮೊದಲನೆಯದನ್ನು ವ್ಯಾಪಾರಿಯೂ ಕೇಳುತ್ತಾನೆ. ಎರಡನೆಯದನ್ನೂ ಕೇಳುವವರೇ ಧಮ್ಮದ ಹಾದಿಯಲ್ಲಿರುವವರು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.