ಹಾಡು ಯಾರ ಸ್ವತ್ತು?

ಒಂದು ಹಾಡು ಕೇಳುಗನ ಕಿವಿಗೆ ಬಿದ್ದ ಮೇಲೂ ಅದು ಹಾಡಿದವನದೇ? ಹಣ ಹಾಕಿದವನದೇ? ಅಥವಾ ಅದನ್ನು ಗುನುಗುತ್ತಾ ದಾರಿಯಲ್ಲಿ ಹೋಗುವವನದೇ? ಕಾನೂನು ಇದಕ್ಕೆ ಕೂಡಲೇ ಉತ್ತರ ಹೇಳುತ್ತದೆ. ಆದರೆ ಕಾನೂನು ಉತ್ತರಿಸಿದ ಮಾತ್ರಕ್ಕೆ ನ್ಯಾಯದ ಪ್ರಶ್ನೆ ಮುಗಿಯುವುದಿಲ್ಲ.

1998ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿದ ಓಕೆ ಗೋ ಎಂಬ ರಾಕ್ ತಂಡದ ಅನುಭವವನ್ನೇ ನೋಡೋಣ. 2006ರಲ್ಲಿ ಈ ನಾಲ್ವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದು ಒಂದು ಚಿತ್ರ ಮಾಡಿದರು. ನೃತ್ಯ ಹೇಳಿಕೊಟ್ಟದ್ದು ಗಾಯಕ ಡೇಮಿಯನ್ ಕುಲಾಶ್ ಅವರ ಸಹೋದರಿ. ಯೂಟ್ಯೂಬ್‌ನಲ್ಲಿ ಅದನ್ನು ಕಂಡ ಜನ ತಾವೇ ಇತರರಿಗೆ ತೋರಿಸಿದರು, ತಮ್ಮ ತಮ್ಮ ತಾಣಗಳಲ್ಲಿ ಜೋಡಿಸಿಕೊಂಡರು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು.

2010ರ ಜನವರಿಯಲ್ಲಿ ತಂಡ 'ದಿಸ್ ಟೂ ಶಲ್ ಪಾಸ್' ಎಂಬ ಹಾಡನ್ನು ಹೊರತಂದಿತು. ಇಂಡಿಯಾನಾದ ಬಯಲಿನಲ್ಲಿ ನಾಟರ್‌ಡೇಮ್ ವಿಶ್ವವಿದ್ಯಾಲಯದ ವಾದ್ಯವೃಂದದೊಂದಿಗೆ ಅದರ ಮೊದಲ ಚಿತ್ರ ತಯಾರಾಗಿತ್ತು. ಆದರೆ ಈ ಸಲ ಅದನ್ನು ಬೇರೆ ತಾಣಗಳಲ್ಲಿ ಜೋಡಿಸಲು ಹಕ್ಕುದಾರ ಕಂಪೆನಿ ಇಎಂಐ ಬಿಡಲಿಲ್ಲ. ಯೂಟ್ಯೂಬ್‌ನೊಳಗೇ ನೋಡಿದರೆ ಕಂಪೆನಿಗೆ ಕಾಸು, ಹೊರಗೆ ನೋಡಿದರೆ ಇಲ್ಲ. ಫೆಬ್ರವರಿಯಲ್ಲಿ ಕುಲಾಶ್ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಲೇಖನ ಬರೆದು ತಮ್ಮ ಅಳಲು ತೋಡಿಕೊಂಡರು. ಈ ನಿರ್ಬಂಧದಿಂದ ಟ್ರೆಡ್‌ಮಿಲ್ ಚಿತ್ರವನ್ನು ನೋಡುವವರ ಸಂಖ್ಯೆ ದಿನಕ್ಕೆ ಸುಮಾರು 10,000ದಿಂದ 1,000ದ ಆಸುಪಾಸಿಗೆ ಇಳಿದಿತ್ತಂತೆ. ಆರು ತಿಂಗಳ ಬಾಬ್ತು ತಂಡದ ಖಾತೆಗೆ ಜಮೆಯಾದದ್ದು 27 ಡಾಲರ್ 77 ಸೆಂಟ್!

ಕಂಪೆನಿಯನ್ನು ಬೈಯುವುದು ಸುಲಭ. ಆದರೆ ಅದೂ ಆಗ ಸಾಲದಲ್ಲಿ ಮುಳುಗಿತ್ತು. 2012ರಲ್ಲಿ ಹೋಳಾಗಿ ಮಾರಾಟವಾಯಿತು. ಹಣ ಹೂಡಿದವನಿಗೆ ಪ್ರತಿಫಲ ಬೇಡವೆಂದು ನಾವು ಹೇಳಲಾರೆವು. ಆದರೆ ಜನರ ಪ್ರೀತಿಯಿಂದಲೇ ಬೆಳೆದದ್ದನ್ನು ಆ ಜನರಿಂದಲೇ ಬಚ್ಚಿಡುವುದು ಯಾವ ವ್ಯಾಪಾರ?

ಅದೇ ಹಾಡಿಗೆ ಮಾರ್ಚ್ 1ರಂದು ಎರಡನೆಯ ಚಿತ್ರ ಬಂತು. ಲಾಸ್ ಏಂಜಲೀಸ್‌ನ ಒಂದು ಗೋದಾಮಿನ ಎರಡು ಅಂತಸ್ತು ತುಂಬಾ ಹರಡಿದ ಯಂತ್ರ. ಸಾಲಾಗಿ ನಿಲ್ಲಿಸಿದ ಬಿಲ್ಲೆಗಳಲ್ಲಿ ಒಂದನ್ನು ಬೀಳಿಸಿದರೆ ಗೋಲಿ ಉರುಳುತ್ತದೆ, ಪಿಯಾನೋ ಬೀಳುತ್ತದೆ, ಸುತ್ತಿಗೆ ಟಿವಿಯನ್ನು ಪುಡಿ ಮಾಡುತ್ತದೆ, ಕೊನೆಗೆ ನಾಲ್ವರ ಮೈಮೇಲೂ ಬಣ್ಣ ಸಿಡಿಯುತ್ತದೆ. ಎರಡು ದಿನಗಳಲ್ಲಿ ಅರುವತ್ತಕ್ಕೂ ಹೆಚ್ಚು ಬಾರಿ ಯತ್ನಿಸಿ ತೆಗೆದ ಚಿತ್ರ. ಇದನ್ನು ಯಾರು ಬೇಕಾದರೂ ತಮ್ಮ ತಾಣದಲ್ಲಿ ಜೋಡಿಸಿಕೊಳ್ಳಬಹುದಿತ್ತು. ಖರ್ಚು ವಹಿಸಿದ್ದು ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪೆನಿ. ಯಂತ್ರ ಶುರುವಾಗುತ್ತಿದ್ದಂತೆ ಸಾಗುವ ಆಟಿಕೆ ಲಾರಿಯ ಮೇಲೆ ಅದರ ಗುರುತು ಇದೆ. ಕೆಲವೇ ದಿನಗಳಲ್ಲಿ ತಂಡ ಇಎಂಐ ತೊರೆದು ಪ್ಯಾರಾಕಡೂಟೆ ಎಂಬ ಸ್ವಂತ ಸಂಸ್ಥೆ ಕಟ್ಟಿತು.

ಹಾಗಾದರೆ ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದಂತಾಯಿತೇ? ನಮಗೆ ಹಾಗನಿಸುವುದಿಲ್ಲ. ನಮ್ಮ ಊರುಗಳ ಬಾವಿಕಟ್ಟೆಗಳ ಮೇಲೆ ತೋಡಿಸಿದವರ ಹೆಸರು ಕೆತ್ತಿರುತ್ತದೆ. ಅದನ್ನು ಓದಿಯೇ ಜನ ನೀರು ಸೇದುತ್ತಾರೆ, ಯಾರೂ ಬಾಯಾರಿಕೆಯಿಂದ ಹಿಂದಿರುಗುವುದಿಲ್ಲ. ಬಾವಿಗೆ ಬೀಗ ಹಾಕುವುದಕ್ಕೂ ಹೆಸರು ಕೆತ್ತುವುದಕ್ಕೂ ವ್ಯತ್ಯಾಸವಿದೆ. ಆದರೂ ವಿಮಾ ಕಂಪೆನಿ ಪುಣ್ಯಕ್ಕಾಗಿ ಬಾವಿ ತೋಡಿಸಿದ್ದಲ್ಲ ಎಂಬುದನ್ನು ಮರೆಯಬಾರದು. ಅದರ ಲಾರಿ ಮೊದಲಿಗೇ ಕಣ್ಣಿಗೆ ಬೀಳುವಲ್ಲಿ ಇರುವುದು ಸುಮ್ಮನೆ ಅಲ್ಲ. ಇನ್ನೊಂದು ನಷ್ಟವೂ ಆಯಿತು. ಆ ಯಂತ್ರವನ್ನು ನೋಡಿ ಬೆರಗಾದವರ ಬಳಿ ಹಾಡಿನ ರಾಗ ಕೇಳಿ ನೋಡಿ, ಹೆಚ್ಚಿನವರು ತಡವರಿಸುತ್ತಾರೆ. ನಾವೂ ತಡವರಿಸಿದವರೇ.

ಆ ಹಾಡಿನ ಶೀರ್ಷಿಕೆಯ ಅರ್ಥ 'ಇದೂ ಕಳೆದುಹೋಗುತ್ತದೆ' ಎಂದು. ದುಃಖದಲ್ಲಿದ್ದಾಗ ಸಂತೈಸುವ, ಸುಖದಲ್ಲಿದ್ದಾಗ ಎಚ್ಚರಿಸುವ ಮಾತನ್ನು ಉಂಗುರದಲ್ಲಿ ಕೆತ್ತಿಸಿಕೊಂಡ ಅರಸನ ಕಥೆಯನ್ನು ಪಾರ್ಸಿಯ ಸೂಫಿಗಳು ಹೇಳಿದರು. ಯಹೂದಿಗಳು ಅದನ್ನೇ ಸೊಲೊಮೋನನ ಹೆಸರಿನಲ್ಲಿ ಹೇಳಿದರು. ಮೊದಲು ಹೇಳಿದವರು ಯಾರೆಂದು ಯಾರೂ ದಾಖಲಿಸಲಿಲ್ಲ, ಹಕ್ಕು ಕಾದಿರಿಸಲೂ ಇಲ್ಲ. ಭಾಷೆಯಿಂದ ಭಾಷೆಗೆ ದಾಟುತ್ತಾ ಅದು ಕೊನೆಗೆ ನಾಲ್ವರು ರಾಕ್ ಗಾಯಕರ ಬಾಯಿಗೂ ಬಂತು. ಇಎಂಐ ಬೀಗ ಹಾಕಿದ್ದು ಆ ಮಾತಿಗೇ.